ಒದ್ದೆ ಬೆರಳಿನ ಮೇಷ್ಟ್ರು

ಹಿಂದಿನಿಂದ ಕರೆದರೆ ಮಗು ತಿರುಗುವುದಿಲ್ಲವಲ್ಲ ಎಂಬ ಚಿಂತೆ ನಿರುಪಮಾಳ ಎದೆಯಲ್ಲಿ ಬೀಡುಬಿಟ್ಟಿತ್ತು. ಅಕ್ಕಿ ತೊಳೆಯುವಾಗ, ಬಟ್ಟೆ ಮಡಿಸುವಾಗ, ಗಂಡನ ಪಕ್ಕ ಕಾರಿನಲ್ಲಿ ಕೂತು ಫ್ರೀವೇಯ ಹಸಿರು ಫಲಕಗಳನ್ನು ಸುಮ್ಮನೆ ನೋಡುವಾಗಲೂ ಅದು ಬಿಡುತ್ತಿರಲಿಲ್ಲ. ಆ ದಿನಗಳಲ್ಲಿ ಆ ಚಿಂತೆಗೆ ಮದ್ದು ಹೊತ್ತುಕೊಂಡು ಅವಳ ಮನೆಗೆ ಬರುತ್ತಿದ್ದವರು ಅನಂತಪದ್ಮನಾಭ ಮೇಷ್ಟ್ರು. ಅವರು ಊಟಕ್ಕೆ ಬರುತ್ತಾರೆಂದರೆ ಅವಳು ತಟ್ಟೆಯ ಪಕ್ಕದಲ್ಲಿ ಎರಡು ಲೋಟ ನೀರಿಡುತ್ತಿದ್ದಳು, ಒಂದು ಕುಡಿಯುವುದಕ್ಕೆ, ಇನ್ನೊಂದು ಬರೆಯುವುದಕ್ಕೆ.

ಊಟದ ನಡುವೆ ಯಾರಾದರೂ ಮನೆಯೋ ಮದುವೆಯೋ ನೌಕರಿಯೋ ಏನನ್ನಾದರೂ ಬಾಯಿಗೆ ತಂದರೆ ಸಾಕು, ಮೇಷ್ಟ್ರು ತಟ್ಟೆಯನ್ನು ಒಂದಿಷ್ಟು ಆಚೆಗೆ ಸರಿಸಿ, ಬಲಗೈ ಎಂಜಲಾದ್ದರಿಂದ ಎಡಗೈಯ ತೋರುಬೆರಳನ್ನು ಆ ಎರಡನೆಯ ಲೋಟದಲ್ಲಿ ಅದ್ದಿ, ಮೇಜಿನ ಮೇಲೆ ಅಂಗೈಯಗಲದ ಒಂದು ಚೀನೀ ಅಕ್ಷರವನ್ನು ಬರೆದೇ ಬಿಡುತ್ತಿದ್ದರು. ಆಮೇಲೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಲಸಿನ ಹಣ್ಣಿನ ಮುಂದೆ ಕೂತವರ ತೃಪ್ತಿಯಲ್ಲಿ, "ಬಿಡಿಸಿ ನೋಡೋಣ" ಎನ್ನುತ್ತಿದ್ದರು. ಬಿಡಿಸುತ್ತಲೂ ಇದ್ದರು. ಈ ಗೆರೆ ಮರ, ಈ ಗೆರೆ ನೀರು, ಇದು ಮಂಡಿಯೂರಿದ ಹೆಂಗಸು, ಇದು ಬಾಗಿಲು ಎಂದು ತೊಳೆತೊಳೆಯಾಗಿ ಬಿಡಿಸಿ, ಮೂರು ಸಾವಿರ ವರ್ಷಗಳ ಹಿಂದೆ ಆಮೆಯ ಚಿಪ್ಪಿನ ಮೇಲೆ, ಎತ್ತಿನ ಹೆಗಲಮೂಳೆಯ ಮೇಲೆ ರಾಜರ ಜೋಯಿಸರು ಕೊರೆದ ಚಿತ್ರವೇ ಸವೆದು ಸವೆದು ಇವತ್ತಿನ ಅಕ್ಷರವಾದ ಕಥೆಯನ್ನು ಹೇಳುತ್ತಿದ್ದರು. ಕಥೆ ತುದಿ ಮುಟ್ಟುವ ಹೊತ್ತಿಗೆ ಮೊದಲು ಬರೆದ ಗೆರೆಗಳು ಆರಿಹೋಗಿರುತ್ತಿದ್ದವು. ಅದನ್ನು ಅವರು ಗಮನಿಸಿದವರೇ ಅಲ್ಲ. ಅರ್ಥ ಬಾಯಿಂದ ಹೊರಬಿದ್ದ ಮೇಲೆ ಅಕ್ಷರದ ಗೊಡವೆ ಅವರಿಗಿರಲಿಲ್ಲ.

ನೋಡುವುದಕ್ಕೆ ಮೇಷ್ಟ್ರು ಎತ್ತರದ, ತೆಳ್ಳನೆಯ ಆಳು. ಬೇಸಿಗೆ ಚಳಿಗಾಲ ಎನ್ನದೆ ಒಂದೇ ಕಂದು ಬಣ್ಣದ ಕಾರ್ಡುರಾಯ್ ಕೋಟು. ಅದರ ಎಡ ಮುಂಗೈಯ ಅಂಚು ಮಾತ್ರ ನೀರು ಕುಡಿದು ಕುಡಿದು ಕಪ್ಪಾಗಿತ್ತು. ನಡಿಗೆ ಇನ್ನೂ ವಿಚಿತ್ರ. ನಾಲ್ಕು ಹೆಜ್ಜೆ ಭರದಿಂದ ನಡೆದು ಐದನೆಯದಕ್ಕೆ ಥಟ್ಟನೆ ನಿಂತು, ಗಾಳಿಯಲ್ಲಿ ಬೆರಳಾಡಿಸಿ ಏನನ್ನೋ ಬರೆದು, ಒಪ್ಪಿಗೆಯಾದವರಂತೆ ತಲೆಯಲ್ಲಾಡಿಸಿ ಮತ್ತೆ ಹೊರಡುತ್ತಿದ್ದರು. ಸ್ಯಾನ್ ಹೊಸೆಯ ಆ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಅವರು ಹಾಗೆ ನಿಂತಾಗ ಹಿಂದೆ ಬರುತ್ತಿದ್ದ ಕಾರಿನವನು ಹಾರ್ನ್ ಹೊಡೆದು ಬೈದದ್ದನ್ನು ನಿರುಪಮಾ ಬಾಲ್ಕನಿಯಿಂದ ಕಣ್ಣಾರೆ ಕಂಡಿದ್ದಳು. ಮೇಷ್ಟ್ರು ಆ ಕಾರಿನವನಿಗೂ ಕೈಯೆತ್ತಿ ನಮಸ್ಕಾರ ಹೇಳಿ ಮೆಟ್ಟಿಲು ಹತ್ತಿದ್ದರು.

ಮೇಷ್ಟ್ರೆಂದು ಎಲ್ಲರೂ ಕರೆದರೂ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೈಸೂರಿನಲ್ಲಿ ಸಂಸ್ಕೃತ ಓದಿ, ಅರವತ್ತರ ದಶಕದಲ್ಲಿ ವಿದ್ಯಾರ್ಥಿವೇತನ ಹಿಡಿದುಕೊಂಡು ಕೊಲ್ಲಿಯ ಆಚೆ ದಡದ ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿ ಅದ್ಯಾವ ಮೋಹಕ್ಕೋ ಸಿಕ್ಕಿ ಚೀನೀ ಕಲಿತು, ಅಕ್ಷರಗಳ ಮೂಲವನ್ನು ಕುರಿತು ಡಾಕ್ಟರೇಟಿಗೆ ಕೂತವರು. ಆ ಪ್ರಬಂಧ ಮುಗಿಯಲಿಲ್ಲ. ಯಾಕೆ ಮುಗಿಯಲಿಲ್ಲವೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಒಂದು ಗ್ರಂಥಾಲಯದಲ್ಲಿ ಅರೆಹೊತ್ತು ಪುಸ್ತಕಗಳನ್ನು ವಿಂಗಡಿಸುವ ಕೆಲಸ ಅವರದು. ಸಂಸಾರ ನಡೆಯುತ್ತಿದ್ದದ್ದು ಹೆಂಡತಿ ಮೈಥಿಲಿಯವರು ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಿಂತು ದುಡಿಯುತ್ತಿದ್ದುದರಿಂದ. ಆದರೆ ಹೊಸದಾಗಿ ಬಂದಿಳಿದ ಕನ್ನಡದವರನ್ನು ವಿಮಾನ ನಿಲ್ದಾಣಕ್ಕೆ ಹೋಗಿ ಕರೆತರುವುದು, ಮನೆ ಹುಡುಕಿಕೊಡುವುದು, ಚಳಿಗೆ ಹೊದಿಕೆ ತಂದುಕೊಡುವುದು ಎಲ್ಲಕ್ಕೂ ಮುಂದೆ ನಿಲ್ಲುತ್ತಿದ್ದವರು ಮೇಷ್ಟ್ರೇ. ನಿರುಪಮಾಳ ಗಂಡ ಗುರುಪ್ರಸಾದ ಈ ಊರಿಗೆ ಬಂದ ಮೊದಲ ವಾರ ಮಲಗಿದ್ದು ಅವರ ಮನೆಯ ಸೋಫಾದ ಮೇಲೆ. ಅದನ್ನು ಅವನು ಮರೆತಿರಲಿಲ್ಲ. ಹೆಂಡತಿಯನ್ನು ಮರೆಯಲು ಬಿಡುತ್ತಲೂ ಇರಲಿಲ್ಲ.

ಕನ್ನಡದವರ ಮನೆಗಳಲ್ಲಿ ಮೇಷ್ಟ್ರಿಗೆ ಹಬ್ಬದೂಟದಲ್ಲಿ ಪಾಯಸಕ್ಕಿರುವಂಥ ಸ್ಥಾನವಿತ್ತು. ಯಾರಾದರೂ ಮನೆ ಕೊಂಡರೆ ಗೃಹಪ್ರವೇಶಕ್ಕೆ ಅವರು ಬಂದು ಬೆರಳದ್ದಿ, ಮೇಲೊಂದು ಸೂರು, ಅದರ ಕೆಳಗೊಂದು ಹಂದಿ, ಎರಡೂ ಸೇರಿದರೆ ಮನೆ ಎಂದು ಬಿಡಿಸಿ ತೋರಿಸಬೇಕು. ಒಮ್ಮೆ ಅವರು ಹಾಗೆ ಹೇಳಿದಾಗ, ಆ ಮನೆಯ ಯಜಮಾನಿ ಚಿರೋಟಿ ಬಡಿಸುತ್ತಿದ್ದವರು ನಿಂತಲ್ಲೇ ನಿಂತು, "ಸೂರು ಸರಿ ಮೇಷ್ಟ್ರೇ, ಇನ್ನೊಂದೂ ನಮ್ಮನೇಲಿ ಮೊದಲಿಂದ ಇದೆ" ಎಂದು ಗಂಡನ ಕಡೆ ಸೌಟು ತೋರಿಸಿದರು. ಎಲ್ಲರೂ ನಕ್ಕರು. ನಕ್ಕವರಲ್ಲಿ ನಿರುಪಮಾಳೂ ಒಬ್ಬಳು. ಆಗಿನ್ನೂ ಅವಳಿಗೆ ಆ ನೀರಿನ ಅಕ್ಷರಗಳು ತಮಾಷೆಯಾಗಿಯೇ ಕಾಣುತ್ತಿದ್ದವು.

ತಮಾಷೆ ಕಳೆದದ್ದು ಅವಳ ಸರದಿ ಬಂದಾಗ. ಬೆಂಗಳೂರಿನಲ್ಲಿ ಬಿಎಸ್ಸಿ ಮಾಡಿದ್ದ ಹುಡುಗಿ. ಇಲ್ಲಿ ಕಮ್ಯೂನಿಟಿ ಕಾಲೇಜಿಗೆ ಸೇರಿ ಕಂಪ್ಯೂಟರ್ ಕಲಿತರೆ ಹೇಗೆ ಎಂದು ಒಂದು ದಿನ ಊಟಕ್ಕೆ ಕೂತಾಗ ಮೆಲ್ಲಗೆ ಮಾತೆತ್ತಿದ್ದಳು. ಮೇಷ್ಟ್ರು ಬೆರಳದ್ದಿದರು. ಸೂರಿನ ಕೆಳಗೆ ಹಂದಿಯ ಜಾಗದಲ್ಲಿ ಈ ಸಲ ಒಬ್ಬ ಹೆಂಗಸು ಕೂತಳು. ಇದರ ಅರ್ಥ ಶಾಂತಿ ಎಂದರು. ಹೆಂಗಸು ಸೂರಿನ ಕೆಳಗಿದ್ದರೆ ಶಾಂತಿ, ಎಂಥ ಸರಳ, ಎಂಥ ಗಹನ ಎಂದು ತಾವೇ ಬೆರಗಾದರು. ಗುರುಪ್ರಸಾದನೂ ಬೆರಗಾದ. ಅವನೇನು ಬೇಡವೆನ್ನಲಿಲ್ಲ, ಅವನು ಎಂದೂ ಯಾವುದಕ್ಕೂ ಬೇಡವೆಂದವನಲ್ಲ. ಆದರೆ ಆ ರಾತ್ರಿಯಿಂದ ಕಾಲೇಜಿನ ಮಾತು ಬಂದಾಗಲೆಲ್ಲ ಮೇಜಿನ ಮೇಲೆ ಎರಡು ಗೆರೆಯ ಸೂರೊಂದನ್ನು ಎಳೆದು ಕಣ್ಣು ಮಿಟುಕಿಸುತ್ತಿದ್ದ. ಎಲ್ಲೋ ಒಂದು ಕಾಡಿನ ರಾಜ್ಯದಲ್ಲಿ, ಯಾವನೋ ಒಬ್ಬ ಜೋಯಿಸ ಮೂಳೆಯ ಮೇಲೆ ಗೀರಿದ ಗೀರು, ಅಷ್ಟು ಸಮುದ್ರ ದಾಟಿ ಬಂದು, ಬಸವನಗುಡಿಯ ಒಬ್ಬ ಹುಡುಗಿಯ ಕಾಲಿಗೆ ತೊಡರಿಕೊಂಡಿತು. ಆಮೇಲೆ ಬಸುರಿಯಾದಳು, ಕಾಲೇಜಿನ ಮಾತು ತಾನಾಗಿಯೇ ನಿಂತಿತು.

ಮೇಷ್ಟ್ರಿಗೆ ಚೀನೀ ಭಾಷೆಯ ಮೇಲಿದ್ದ ಪ್ರೀತಿ ಚೀನಾದವರ ಮೇಲೂ ಇತ್ತೋ ಎಂಬ ಅನುಮಾನ ಅವಳಿಗೆ ಬಂದದ್ದು ಓಕ್ಲ್ಯಾಂಡಿನ ಚೈನಾಟೌನಿನಲ್ಲಿ. ಹಾಗಲಕಾಯಿ, ಬಾಳೆಹೂವು, ಎಳೆ ಕೊತ್ತಂಬರಿ ಬೇಕೆಂದರೆ ಆಗ ಅಲ್ಲಿಗೇ ಹೋಗಬೇಕಿತ್ತು. ಮೇಷ್ಟ್ರು ದಾರಿ ತೋರಿಸಲು ಜೊತೆಗೆ ಬಂದರು. ತರಕಾರಿ ಅಂಗಡಿಯ ಹೆಸರಿನ ಹಲಗೆಯಲ್ಲಿ 'ಬಾ' ಎಂಬ ಅರ್ಥದ ಅಕ್ಷರವೊಂದಿತ್ತಂತೆ. ಗಲ್ಲಾದಲ್ಲಿ ಕೂತಿದ್ದ ಮುದುಕಿಗೆ ಮೇಷ್ಟ್ರು ಅವಳ ಭಾಷೆಯಲ್ಲೇ ಆ ಅಕ್ಷರದ ಮೂಲವನ್ನು ಹೇಳತೊಡಗಿದರು. ಅದು ನಿಜಕ್ಕೂ ಗೋಧಿಯ ಪೈರಿನ ಚಿತ್ರ. ಗೋಧಿ ದೇವಲೋಕದಿಂದ ಇಳಿದು ಬಂದ ಧಾನ್ಯ. ಬಂದದ್ದರಿಂದ ಅದಕ್ಕೆ 'ಬಾ' ಎಂಬ ಅರ್ಥ ಕೂಡಿತು ಎಂದು. ಮುದುಕಿ ಕೇಳಿದಳೋ ಬಿಟ್ಟಳೋ, ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ಹಾಗಲಕಾಯಿಯ ಚೀಲವನ್ನು ಎತ್ತಿ ಹಿಡಿದು ಇದು ಬೇಕೋ ಬೇಡವೋ ಎಂದು ಸನ್ನೆ ಮಾಡಿದಳು. ಪಕ್ಕದಲ್ಲಿದ್ದ ಅವಳ ಮೊಮ್ಮಗಳು, ಓಕ್ಲ್ಯಾಂಡಿನಲ್ಲೇ ಹುಟ್ಟಿದವಳು, ತನಗೆ ಚೀನೀ ಓದಲು ಬರುವುದಿಲ್ಲ, ನೀವು ಹೇಳಿದ್ದು ಚೆನ್ನಾಗಿದೆ, ಆದರೆ ದಯವಿಟ್ಟು ಸ್ವಲ್ಪ ಸರಿದು ನಿಲ್ಲಿ ಎಂದು ಇಂಗ್ಲಿಷಿನಲ್ಲಿ ವಿನಯವಾಗಿ ಕೇಳಿಕೊಂಡಳು. ದಾರಿಯುದ್ದಕ್ಕೂ ಮೇಷ್ಟ್ರು ಆ ಹುಡುಗಿಗಾಗಿ ಮರುಗಿದರು. ಸಾಲಿನಲ್ಲಿ ನಿಂತಿದ್ದವರು ಅವರಿಗೆ ಕಂಡಿರಲೇ ಇಲ್ಲ.

ಮಗಳು ಇಂದುವಿಗೆ ಎರಡು ತುಂಬಿದಾಗ ಅವಳ ಬಾಯಿಂದ 'ಮ' ಎಂಬ ಒಂದು ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಆ 'ಮ' ಕೂಡ ಯಾರನ್ನೂ ಕರೆದದ್ದಲ್ಲ. ತುಟಿ ಕೂಡಿಸಿ ಬಿಟ್ಟಾಗ ಬರುವ ಬರಿಯ ಉಸಿರು. ಮಕ್ಕಳ ಡಾಕ್ಟರು ತೂಕ ನೋಡಿ, ಎತ್ತರ ನೋಡಿ, ಮನೆಯಲ್ಲಿ ಒಂದು ಭಾಷೆ, ಟೀವಿಯಲ್ಲಿ ಇನ್ನೊಂದು ಭಾಷೆ, ಅದಕ್ಕೇ ಗೊಂದಲ, ಕಾಯೋಣ ಎಂದರು. ಗುರುಪ್ರಸಾದನ ಸೋದರಮಾವನೊಬ್ಬ ನಾಲ್ಕು ವರ್ಷದವರೆಗೆ ಮೌನಿಯಾಗಿದ್ದು ಆಮೇಲೆ ವಕೀಲನಾದನಂತೆ. ನಿರುಪಮಾ ಮಾತ್ರ ಗಂಡ ಆಫೀಸಿಗೆ ಹೋದ ಮೇಲೆ ಪಾತ್ರೆಯೊಂದನ್ನು ಹಿಡಿದು, ಗೊಂಬೆ ಆಡಿಸುತ್ತಾ ಕೂತ ಮಗುವಿನ ಬೆನ್ನ ಹಿಂದೆ ಹೋಗಿ ಸೌಟಿನಿಂದ ಬಾರಿಸುತ್ತಿದ್ದಳು. ಕೆಲವು ಸಲ ಮಗು ತಿರುಗುತ್ತಿತ್ತು. ತಿರುಗಿದಾಗ ಇವಳು ಅದನ್ನೆತ್ತಿ ಮುದ್ದಿಸಿ ಅಳುತ್ತಿದ್ದಳು. ಕೆಲವು ಸಲ ತಿರುಗುತ್ತಿರಲಿಲ್ಲ, ಆಗಲೂ ಅಳುತ್ತಿದ್ದಳು. ಆಸ್ಪತ್ರೆಗೆ ಫೋನ್ ಮಾಡಿ ಕಿವಿ ಪರೀಕ್ಷೆ ಮಾಡಿಸೋಣವೆಂದು ಹೇಳಿದಾಗಲೆಲ್ಲ ಗುರುಪ್ರಸಾದ, ತಿರುಗುತ್ತಾಳಲ್ಲ ನಿರು, ನೀನೇ ಹೇಳಿದೆ, ಎನ್ನುತ್ತಿದ್ದ.

ಈ ಹೊಯ್ದಾಟದ ನಡುವೆ ಮೇಷ್ಟ್ರು ಇಂದುವನ್ನು ಕಂಡುಹಿಡಿದರು. ಕಂಡುಹಿಡಿದರು ಎಂದೇ ಹೇಳಬೇಕು. ಅವರು ಬರೆಯಲು ತೊಡಗಿದರೆ ಬೇರೆ ಮಕ್ಕಳು ಎದ್ದು ಓಡುತ್ತಿದ್ದವು, ದೊಡ್ಡವರು ಆಕಳಿಕೆ ನುಂಗುತ್ತಿದ್ದರು. ಈ ಮಗು ಮಾತ್ರ ಅವರ ತೊಡೆಯೇರಿ ಕೂತು ಆ ಒದ್ದೆ ಬೆರಳನ್ನೂ ಅವರ ತುಟಿಗಳನ್ನೂ ಸರದಿಯ ಮೇಲೆ ನೋಡುತ್ತಿತ್ತು, ರೆಪ್ಪೆ ಬಡಿಯದೆ ನೋಡುತ್ತಿತ್ತು. ಜೀವಮಾನದಲ್ಲಿ ಯಾರೂ ತಮ್ಮನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲವೆಂದು ಮೇಷ್ಟ್ರಿಗೆ ಅನ್ನಿಸಿರಬೇಕು. ಒಂದು ದಿನ ಅವರು ಬರೆದ ಮರವನ್ನು ಅದು ತಾನೂ ಬೆರಳದ್ದಿ, ಅಡ್ಡಗೆರೆ ಮೊದಲು, ನಿಲುಗೆರೆ ಆಮೇಲೆ, ಕೊನೆಗೆ ಎರಡು ಪಕ್ಕದ ಇಳಿಗೆರೆ ಎಂದು ಅವರು ಎಳೆದ ಕ್ರಮದಲ್ಲೇ ಎಳೆದಾಗ ಮೇಷ್ಟ್ರ ಕಣ್ಣಲ್ಲಿ ನೀರು ನಿಂತಿತು. ಅದು ನಟನೆಯಲ್ಲ, ಆ ಮಟ್ಟಿಗೆ ಅವರು ಪ್ರಾಮಾಣಿಕರು.

"ನಿಮ್ಮ ಮಗೂಗೆ ಮಾತು ತಡ ಆಗಿಲ್ಲಮ್ಮ" ಎಂದರು. "ಅವಳು ಮಾತಿನ ಹಿಂದಕ್ಕೆ ಹೋಗಿದಾಳೆ. ಮನುಷ್ಯ ಮೊದಲು ನೋಡಿದ, ಆಮೇಲೆ ತಾನೇ ಅಂದದ್ದು?"

ಗುರುಪ್ರಸಾದ ಅದನ್ನು ಆಫೀಸಿನಲ್ಲೂ ಹೇಳಿಕೊಂಡು ಬಂದ. ನಿರುಪಮಾ ಆ ವಾರ ಹಾಯಾಗಿ ನಿದ್ದೆ ಮಾಡಿದಳು. ಮೇಷ್ಟ್ರ ಮಾತಿಗೆ ಆ ಗುಣವಿತ್ತು. ನೋವು ಇದ್ದಲ್ಲೇ ಇರುತ್ತಿತ್ತು, ಆದರೆ ಅದಕ್ಕೊಂದು ಶಾಲು ಹೊದಿಸಿ ಕೂರಿಸುತ್ತಿದ್ದರು. ಆಮೇಲಾಮೇಲೆ ಅವರು ಬರುವ ದಿನಕ್ಕಾಗಿ ಅವಳೇ ಕಾಯುವಂತಾಯಿತು. ಬಂದು ಒಂದು ಅಕ್ಷರ ಬರೆದು ಹೋದರೆ ನಾಲ್ಕು ದಿನ ಫೋನಿನ ಹತ್ತಿರ ಹೋಗಬೇಕೆನ್ನಿಸುತ್ತಿರಲಿಲ್ಲ. ಹೀಗೆ ಮಳೆಗಾಲ ಕಳೆಯಿತು, ಚೆರ್ರಿ ಗಿಡಗಳು ಹೂಬಿಟ್ಟವು, ಮಗುವಿಗೆ ಮೂರು ಹತ್ತಿರವಾಯಿತು.

ಆ ವರ್ಷದ ಯುಗಾದಿಗೆ ಕನ್ನಡದವರು ಒಂದು ಚರ್ಚಿನ ಹಾಲನ್ನು ಬಾಡಿಗೆಗೆ ಹಿಡಿದಿದ್ದರು. ಬೇವಿನ ಹೂವು ಸಿಗದೆ ಮೆಂತ್ಯದ ಸೊಪ್ಪು ಬೆರೆಸಿದ ಬೇವುಬೆಲ್ಲ ಹಂಚಿ, ಮಕ್ಕಳ ಹಾಡು ಮುಗಿಸಿ, ಊಟಕ್ಕೆ ಮುಂಚೆ ಮೇಷ್ಟ್ರ ಉಪನ್ಯಾಸವನ್ನಿಟ್ಟಿದ್ದರು. ಅಂದು ಅವರಿಗೊಂದು ಕಪ್ಪುಹಲಗೆಯೇ ಸಿಕ್ಕಿತ್ತು. ನಿರುಪಮಾಳ ಮಗಳು ಎಂದಿನಂತೆ ಅವರ ಕಾಲ ಬಳಿ, ನೆಲದ ಮೇಲೆ, ಅವರೇ ಕೊಟ್ಟ ಸೀಮೆಸುಣ್ಣದ ಚೂರು ಹಿಡಿದು ಕೂತಿದ್ದಳು. ಮೇಷ್ಟ್ರು ಬರೆದದ್ದು ಋಷಿ ಎಂಬ ಅರ್ಥದ ಅಕ್ಷರವನ್ನು. ಬಿಡಿಸಿ ನೋಡೋಣ ಎಂದರು. ಒಂದು ಕಡೆ ಕಿವಿ, ಇನ್ನೊಂದು ಕಡೆ ಬಾಯಿ, ಕೆಳಗೆ ನಿಂತ ಮನುಷ್ಯ. ಹಳೆಯ ಮೂಳೆಗಳ ಮೇಲೆ ಆ ಮನುಷ್ಯನಿಗೆ ತಲೆಗಿಂತ ಕಿವಿಯೇ ದೊಡ್ಡದಂತೆ. ಕೇಳುವುದನ್ನು ಬಲ್ಲವನೇ ಋಷಿ, ಜಗತ್ತಿನಲ್ಲಿ ಕೇಳುವವರು ಕಡಿಮೆಯಾದರು, ಹೇಳುವವರು ಹೆಚ್ಚಾದರು ಎಂದು ಮುಕ್ಕಾಲು ಗಂಟೆ ಹೇಳಿದರು.

ಆಗಲೇ ಅಡುಗೆಮನೆಯ ಬಾಗಿಲಲ್ಲಿ, ಮಂಡ್ಯ ಕಡೆಯ ನಾಗರಾಜು ಎಂಬವರು ಎದೆಯೆತ್ತರಕ್ಕೆ ಪೇರಿಸಿ ತರುತ್ತಿದ್ದ ಸ್ಟೀಲ್ ತಟ್ಟೆಗಳು ಒಟ್ಟಿಗೇ ಕೈಜಾರಿ ನೆಲಕ್ಕೆ ಬಿದ್ದವು. ಆ ಎತ್ತರದ ಹಾಲಿನಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮತ್ತಷ್ಟು ದೊಡ್ಡದಾಯಿತು. ಹೆಂಗಸರು ಎದೆ ಮುಟ್ಟಿಕೊಂಡರು. ಕೈಗೂಸೊಂದು ಬೆಚ್ಚಿ ಚೀರಿತು. ಹಾಲಿನಲ್ಲಿದ್ದ ಪ್ರತಿಯೊಂದು ಮಗುವೂ ಬಾಗಿಲ ಕಡೆ ತಿರುಗಿತು, ಒಂದನ್ನು ಬಿಟ್ಟು. ಇಂದು ತಲೆ ತಗ್ಗಿಸಿಕೊಂಡು ಒಂದು ಗೆರೆಯನ್ನು ಎಳೆಯುತ್ತಿದ್ದಳು, ಗೆರೆ ಅಲುಗಲಿಲ್ಲ.

ಎಲ್ಲರ ಕಣ್ಣೂ ಆ ಮಗುವಿನ ಮೇಲೆ ಬಿತ್ತು. ಮೇಷ್ಟ್ರು ಬಗ್ಗಿ ಅವಳ ತಲೆಯ ಮೇಲೆ ಕೈಯಿಟ್ಟರು.

"ನೋಡಿದಿರಾ? ಏಕಾಗ್ರತೆ ಅಂದರೆ ಇದು. ಈ ಮಗು ನನ್ನ ಪ್ರಮಾಣ."

ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಚಪ್ಪಾಳೆಗೂ ಮಗು ತಲೆಯೆತ್ತಲಿಲ್ಲ. ಮೂರನೆಯ ಸಾಲಿನ ಮಡಿಸುವ ಕುರ್ಚಿಯಲ್ಲಿ ಕೂತಿದ್ದ ನಿರುಪಮಾ ಕಾಲಡಿಯ ನೆಲವನ್ನು ನೋಡಿದಳು. ಕಾಂಕ್ರೀಟಿನ ನೆಲ. ಮನೆಯದು ಮರದ ನೆಲ, ಮೇಲಿನ ಅಂತಸ್ತು. ಬೆನ್ನ ಹಿಂದೆ ಹೆಜ್ಜೆಯೂರಿ ನಿಂತು ಪಾತ್ರೆ ಬಾರಿಸಿದರೆ ಹಲಗೆ ಅದುರುತ್ತದೆ, ಕೂತ ಮಗುವಿಗೆ ಅದು ತೊಡೆಯಲ್ಲಿ ತಿಳಿಯುತ್ತದೆ. ಮಗು ತಿರುಗುತ್ತಿದ್ದದ್ದು ನೆಲಕ್ಕೆ. ಈ ನೆಲ ಅದುರುವುದಿಲ್ಲ. ಇಷ್ಟು ದಿನ ಬೇರೆ ಬೇರೆ ಬಿದ್ದಿದ್ದ ತುಣುಕುಗಳು ಅವಳ ತಲೆಯಲ್ಲಿ ತಾವಾಗಿಯೇ ಕೂಡಿಕೊಂಡವು, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಊಟದ ಗದ್ದಲ ಶುರುವಾದ ಮೇಲೆ ಅವಳು ಮೇಷ್ಟ್ರ ಹತ್ತಿರ ಹೋಗಿ, "ಮೇಷ್ಟ್ರೇ, ಅವಳಿಗೆ ಕೇಳಿಸಲಿಲ್ಲ" ಎಂದಳು. ಮೇಷ್ಟ್ರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

"ತಾಯಿಯ ಭಯ ಸಹಜವಮ್ಮ" ಎಂದು ಪ್ರೀತಿಯಿಂದಲೇ ನಕ್ಕರು. "ತಟ್ಟೆ ಬಿತ್ತು ಅಂತ ತಿರುಗೋಕೆ ಸಾವಿರ ಜನ ಇದಾರೆ."

ಬರುವ ತಿಂಗಳು ಮಗುವನ್ನು ವಿಶ್ವವಿದ್ಯಾಲಯಕ್ಕೆ ಕರೆದೊಯ್ದು ಅಲ್ಲಿಯವರಿಗೆ ತೋರಿಸಬೇಕೆಂದಿದ್ದೇನೆ, ಗುರುಪ್ರಸಾದ ಒಪ್ಪಿದ್ದಾನೆ ಎಂದೂ ಸೇರಿಸಿದರು. ಹಾಗೆನ್ನುತ್ತಲೇ ಅವರ ಎಡಗೈ ಲೋಟ ಹುಡುಕುತ್ತಿತ್ತು. ಅವಳು ಲೋಟ ಮುಂದಿಡಲಿಲ್ಲ.

ಪಾತ್ರೆ ತೊಳೆಯುವ ನೆವದಲ್ಲಿ ಅಡುಗೆಮನೆಗೆ ಹೋದಳು. ಅಲ್ಲಿ ಮೈಥಿಲಿಯವರು ಒಬ್ಬರೇ, ಬಿದ್ದ ತಟ್ಟೆಗಳನ್ನು ಮತ್ತೆ ತೊಳೆದು ಒರೆಸಿ ಜೋಡಿಸುತ್ತಿದ್ದರು. ಮೇಷ್ಟ್ರು ಮಾತಾಡುವ ಕಡೆ ಆಕೆ ಯಾವಾಗಲೂ ಅಡುಗೆಮನೆಯಲ್ಲಿರುತ್ತಾರೆಂಬುದು ನಿರುಪಮಾಳಿಗೆ ಅಂದೇ ಹೊಳೆದದ್ದು. ಮೈಥಿಲಿಯವರು ಅವಳ ಮುಖ ನೋಡಿ ಒಂದು ಒಣಬಟ್ಟೆ ಕೈಗಿತ್ತರು. ಸ್ವಲ್ಪ ಹೊತ್ತು ಇಬ್ಬರೂ ತಟ್ಟೆ ಒರೆಸಿದರು.

"ನಾನು ಬಾಗಿಲಲ್ಲೇ ಇದ್ದೆ, ನೋಡಿದೆ" ಎಂದರು ಮೈಥಿಲಿ. "ನಾಳೆ ಬೆಳಗ್ಗೆ ನಮ್ಮ ಆಸ್ಪತ್ರೆಗೆ ಫೋನ್ ಮಾಡು. ಕಿವಿ ವಿಭಾಗ ಅಂತ ಕೇಳು. ಇವರನ್ನ ಕೇಳಬೇಡ, ನಿನ್ನ ಗಂಡನ್ನೂ ಕೇಳಬೇಡ."

ಮೇಷ್ಟ್ರು ಅಷ್ಟು ಓದಿದವರು, ಅವರು ಹೇಳಿದ್ದು ಪೂರಾ ತಪ್ಪಿರುತ್ತದೆಯೇ ಎಂದು ನಿರುಪಮಾಳ ಬಾಯಿಂದ ಬಂತು, ಹಳೆಯ ರೂಢಿ. ಮೈಥಿಲಿಯವರು ಆಗ ಪ್ರಬಂಧದ ಕಥೆ ಹೇಳಿದರು, ಸ್ವರವೇರಿಸದೆ, ಲ್ಯಾಬಿನ ಫಲಿತಾಂಶ ಓದುವವರ ಹಾಗೆ. ಆ ಅಕ್ಷರಗಳಲ್ಲಿ ಶುದ್ಧ ಚಿತ್ರಗಳಾಗಿರುವುದು ಸ್ವಲ್ಪವೇ ಅಂತೆ. ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥಕ್ಕೆ, ಇನ್ನೊಂದು ಭಾಗ ಬರೀ ಸದ್ದಿಗೆ. ಗೋಧಿ ಎಂಬ ಮಾತಿಗೂ ಬಾ ಎಂಬ ಮಾತಿಗೂ ಆ ಕಾಲದಲ್ಲಿ ಹೆಚ್ಚುಕಡಿಮೆ ಒಂದೇ ಸದ್ದು. ಬಾ ಎಂಬುದನ್ನು ಚಿತ್ರ ಬರೆದು ತೋರಿಸುವುದು ಹೇಗೆ, ಅದಕ್ಕೇ ಗೋಧಿಯ ಚಿತ್ರವನ್ನು ಎರವಲು ತಂದರು, ಅಷ್ಟೇ. ದೇವಲೋಕದಿಂದ ಇಳಿದದ್ದು ಆಮೇಲೆ ಕಟ್ಟಿದ ಕಥೆ. ಮೇಷ್ಟ್ರ ಪ್ರೊಫೆಸರು ಹೇಳಿದ್ದು ಇದನ್ನೇ, ನೀನು ಸದ್ದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ, ಅದನ್ನು ಸೇರಿಸಿ ಮತ್ತೆ ಬರೆ ಎಂದು. ಮೇಷ್ಟ್ರು ಬರೆಯಲಿಲ್ಲ. ಪ್ರತಿ ಗೆರೆಗೂ ಅರ್ಥವಿದೆ, ಸದ್ದು ಎಂಬುದು ಕುರುಡರ ನೆಪ ಎಂದು ವಾದ ಮಾಡಿ ಎದ್ದು ಬಂದರು.

"ಅವರಿಗೆ ಗೊತ್ತಿಲ್ಲ ಅಂತಲ್ಲ. ಗೊತ್ತು" ಎಂದರು ಮೈಥಿಲಿ. "ನಮ್ಮಮ್ಮ ಹೋಗೋ ಹಾಗಿದಾರೆ ಅಂತ ತಂತಿ ಬಂದಾಗ ಮಗ ಮುದುಕರನ್ನ ಹೊತ್ತುಕೊಂಡಿರೋ ಅಕ್ಷರ ಬರೆದು, ಇದೇ ತಾಯಿತಂದೆ ಮೇಲಿನ ಭಕ್ತಿ ಅಂತ ಬಿಡಿಸಿ ತೋರಿಸಿದ್ರು. ಎಷ್ಟು ಚೆನ್ನಾಗಿ ಹೇಳಿದ್ರು ಅಂದ್ರೆ, ಟಿಕೆಟ್ಟಿನ ಮಾತು ಎತ್ತೋಕೆ ನನಗೇ ನಾಚಿಕೆ ಆಯ್ತು. ನಾನು ಊರಿಗೆ ಹೋಗಲಿಲ್ಲ, ಅಮ್ಮ ಹೋದ್ರು. ಈಗ ಅವರಿಗೆ ನಿನ್ನ ಮಗು ಬೇಕು, ಆ ಪ್ರೊಫೆಸರಿಗೆ ತೋರಿಸೋಕೆ."

ಇಷ್ಟು ಹೇಳಿ ಆಕೆ ಕೊನೆಯ ತಟ್ಟೆಯನ್ನು ಪೇರಿಸಿದರು. ಅಳಲಿಲ್ಲ, ನಿಟ್ಟುಸಿರಿಡಲಿಲ್ಲ. ಅವೆರಡನ್ನೂ ಎಂದೋ ಮುಗಿಸಿದವರಂತಿದ್ದರು.

ಮನೆಗೆ ಹೋಗುವಾಗ ಕಾರಿನಲ್ಲಿ ನಿರುಪಮಾ ಗಂಡನಿಗೆ ತಟ್ಟೆಯ ಮಾತು ಹೇಳಿದಳು, ನೆಲದ ಮಾತು ಹೇಳಿದಳು. ಗುರುಪ್ರಸಾದನಿಗೆ ನೆಲದ ಮಾತು ಅರ್ಥವಾಯಿತು. ಎಂಜಿನಿಯರ್, ಅರ್ಥವಾಗದೆ ಏನು. ಅರ್ಥವಾದ್ದರಿಂದಲೇ ಅವನ ದನಿ ಗಟ್ಟಿಯಾಯಿತು. ಮೇಷ್ಟ್ರು ಇಷ್ಟು ಜನರ ಮುಂದೆ ನಮ್ಮ ಮಗುವನ್ನು ಹೊಗಳಿದ್ದಾರೆ, ನಿನಗೆ ಅದರಲ್ಲೂ ಕಾಯಿಲೆಯೇ ಕಾಣುತ್ತದೆ ಎಂದ.

"ಮೇಷ್ಟ್ರು ಕಿವಿ ಡಾಕ್ಟರಾ, ರೀ?"

"ನೀನು ಡಾಕ್ಟರಾ?"

ಹಿಂದಿನ ಸೀಟಿನಲ್ಲಿ ಇಂದು ಕಾರಿನ ಕಿಟಕಿಯ ಮಂಜಿನ ಮೇಲೆ ಬೆರಳಿನಿಂದ ಒಂದು ಕಿವಿ, ಒಂದು ಬಾಯಿ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದಳು. ಅವಳ ಗೆರೆಗಳು ನಿಜಕ್ಕೂ ಚೆನ್ನಾಗಿದ್ದವು. ಮಗು ಜಾಣೆ ಎಂದು ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಿವಿ ಮುಚ್ಚಿದ ಮನೆಯಲ್ಲಿ ಕಣ್ಣನ್ನೇ ಬಾಗಿಲು ಮಾಡಿಕೊಂಡು ಅಷ್ಟು ದೂರ ಒಬ್ಬಳೇ ನಡೆದು ಬಂದವಳು ಜಾಣೆಯಲ್ಲದೆ ಮತ್ತೇನು. ಆ ಮಾತು ಪೂರಾ ಸುಳ್ಳಾಗಿದ್ದರೆ ನಿರುಪಮಾ ಅದನ್ನು ಎಂದೋ ತಳ್ಳಿ ಎದ್ದುಬರಬಹುದಿತ್ತು.

ಮರುದಿನ ಬೆಳಗ್ಗೆ ಗುರುಪ್ರಸಾದನ ಕಾರು ಪಾರ್ಕಿಂಗ್ ಲಾಟ್ ದಾಟುವುದನ್ನು ನೋಡಿ ಅವಳು ಅಡುಗೆಮನೆಯ ಗೋಡೆಗೆ ತಗುಲಿಹಾಕಿದ್ದ ಫೋನಿನ ಮುಂದೆ ನಿಂತಳು. ಆಸ್ಪತ್ರೆಯವರು ಕಿವಿ ವಿಭಾಗಕ್ಕೆ ಕೊಡುತ್ತೇವೆಂದು ಹೇಳಿ ಕಾಯಿಸಿದರು. ರಿಸೀವರಿನಲ್ಲಿ ಯಾವುದೋ ಪಿಯಾನೋ ಸಣ್ಣಗೆ ನುಡಿಯತೊಡಗಿತು. ಮಗು ಅಲ್ಲೇ ನೆಲದ ಮೇಲೆ ಗೊಂಬೆಗೆ ಬಟ್ಟೆ ತೊಡಿಸುತ್ತಿತ್ತು.

ಪ್ರಪಂಚದಲ್ಲಿ ಎಲ್ಲದರ ಅರ್ಥವನ್ನೂ ಬಲ್ಲ ಒಂದು ಜಾತಿಯ ಜನರಿದ್ದಾರೆ ಎಂದುಕೊಂಡಳು ನಿರುಪಮಾ, ಆ ಪಿಯಾನೋ ಕೇಳುತ್ತಾ. ಕೆಟ್ಟವರೆಂದು ಅವರನ್ನು ದೂರ ಮಾಡಲಾಗದು. ವಿಮಾನ ನಿಲ್ದಾಣಕ್ಕೆ ಬರುತ್ತಾರೆ, ಹೊದಿಕೆ ತರುತ್ತಾರೆ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಆದರೆ ಎದುರಿಗಿರುವುದನ್ನು ನೋಡುವ ಮುಂಚೆಯೇ ಅದರ ಅರ್ಥ ಅವರ ಬೆರಳ ತುದಿಯಲ್ಲಿ ಸಿದ್ಧವಾಗಿರುತ್ತದೆ. ಹೆಂಗಸೊಬ್ಬಳು ಕಾಲೇಜಿಗೆ ಹೋಗುತ್ತೇನೆಂದರೂ, ತಾಯಿ ಸಾಯುತ್ತಿದ್ದಾಳೆಂದರೂ, ಮಗು ತಿರುಗುವುದಿಲ್ಲವೆಂದರೂ ಅವರಿಗೆ ಅದು ಮಾತಲ್ಲ, ಇನ್ನೊಂದು ಚಿತ್ರ. ಅಂಥವರು ಹುಡುಕಿಕೊಂಡು ಬರುವುದು ಹೆದರಿದವರ ಮನೆಗೇ, ಏಕೆಂದರೆ ಹೆದರಿದವರಿಗೆ ನಿಜಕ್ಕಿಂತ ಅರ್ಥ ಹಿತವಾಗಿರುತ್ತದೆ. ಹೆದರಿದವರು ಅವರಿಗೆ ಮಣೆ ಹಾಕಿ ಊಟ ಬಡಿಸುತ್ತಾರೆ. ಆ ಊಟ ಮುಗಿಯುವವರೆಗೆ, ಏನೇನು ಆಗಬೇಕಿತ್ತೋ ಅದೆಲ್ಲ ಬಾಗಿಲ ಹೊರಗೆ ನಿಂತು ಕಾಯಬೇಕು.

ಪಿಯಾನೋ ನಿಂತಿತು. ಹೆಂಗಸೊಬ್ಬಳ ದನಿ ಹೆಸರು ಕೇಳಿತು, ವಯಸ್ಸು ಕೇಳಿತು, ತೊಂದರೆ ಏನೆಂದು ಕೇಳಿತು. ಇಷ್ಟು ದಿನ ನುಂಗಿಕೊಂಡಿದ್ದ ವಾಕ್ಯವನ್ನು ನಿರುಪಮಾ ಮೊದಲ ಸಲ ಬಾಯಿಬಿಟ್ಟು ಹೇಳಿದಳು, ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂದು. ಇಂಗ್ಲಿಷಿನಲ್ಲಿ ಹೇಳಿದ್ದರಿಂದಲೋ ಏನೋ ದನಿ ನಡುಗಲಿಲ್ಲ.

ಹಾಗೆಂದು ಯಾವ ಡಾಕ್ಟರು ಹೇಳಿದರು ಎಂದು ಆಚೆಯ ದನಿ ಕೇಳಿತು.

"ಯಾರೂ ಹೇಳಿಲ್ಲ" ಎಂದಳು ನಿರುಪಮಾ. "ನಾನು ಹೇಳ್ತಾ ಇದೀನಿ. ಅವಳ ತಾಯಿ."